ಗುಟ್ಟಿನ ಬರಹ: ಯಾರಿಂದ ಮರೆ, ಎಷ್ಟು ಹೊತ್ತಿನ ಮರೆ?

ಮನುಷ್ಯನಾದವನಿಗೆ ಎಲ್ಲರೆದುರು ಆಡಲಾಗದ ಮಾತು ಒಂದಲ್ಲ ಒಂದು ಇದ್ದೇ ಇರುತ್ತದೆ. ಅದು ಪಾಪದ ಮಾತೇ ಆಗಿರಬೇಕೆಂದಿಲ್ಲ. ತಂಗಿಯ ಮದುವೆಗೆಂದು ಕೂಡಿಟ್ಟ ಹಣದ ಲೆಕ್ಕ, ಊರಿನ ಸೊಸೈಟಿಯಲ್ಲಿ ಉಳಿದ ಸಾಲದ ಬಾಕಿ, ತಾಯಿಯ ಕಾಯಿಲೆ, ಬೇರೊಂದು ಕಡೆ ದೊರೆಯಬಹುದಾದ ಕೆಲಸ, ಇವೆಲ್ಲ ಮನೆಯವರಿಗಷ್ಟೇ ತಿಳಿಯಬೇಕಾದ ಸಂಗತಿಗಳು. ಆದರೆ ಪರಸ್ಥಳದಲ್ಲಿ ದುಡಿಯುವವನಿಗೆ ಏಕಾಂತವೆಂಬುದು ದುರ್ಲಭ. ಖರಾಡಿಯ ಹೋಟೆಲುಗಳ ಮಾಳಿಗೆಯ ಮೇಲೆ ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವರು. ಒಬ್ಬನ ಫೋನು ಚಾರ್ಜಿಗೆಂದು ಗೋಡೆಯ ಬಳಿ ಇದ್ದರೆ, ಅದರಲ್ಲಿ ಮಿಂಚಿದ ಸಂದೇಶವನ್ನು ಹತ್ತಿರ ಕುಳಿತವನು ಬೇಡವೆಂದರೂ ಓದುವನು. ಕಚೇರಿಯ ಗುಮಾಸ್ತರ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ.

ನಮಗಿಂತ ಹಿಂದಿನ ತಲೆಮಾರಿನವರಿಗೆ ಈ ಕಷ್ಟ ಇನ್ನೂ ಹೆಚ್ಚಾಗಿತ್ತು. ಕಾರ್ಡು ಬರೆದರೆ ಅಂಚೆಯವನಿಂದ ಹಿಡಿದು ಗಲ್ಲಾದ ಮೇಲೆ ಕುಳಿತ ಧಣಿಯವರೆಗೆ ಎಲ್ಲರೂ ಓದಬಹುದಾಗಿತ್ತು. ಓದು ಬಾರದ ಮಾಣಿಗೆ ಬಂದ ಕಾಗದವನ್ನು ಇನ್ನೊಬ್ಬನು ಗಟ್ಟಿಯಾಗಿ ಓದಿ ಹೇಳಬೇಕಾಗಿತ್ತು. ಹೀಗಿರುವಾಗ, ತಿಳಿಯಬೇಕಾದವರಿಗೆ ಮಾತ್ರ ತಿಳಿಯುವಂತೆ ಬರೆಯುವ ಉಪಾಯವೇನಾದರೂ ಉಂಟೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉಂಟು, ಬಹು ಪುರಾತನವಾದುದು, ಒಂದು ಪೆನ್ಸಿಲು, ಒಂದು ತುಂಡು ಕಾಗದ ಇದ್ದರೆ ಸಾಕು. ಅದನ್ನು ಮಾಡುವ ಬಗೆಯನ್ನು ಇಂದು ವಾಚಕರ ಮುಂದಿಡುತ್ತೇವೆ. ಅದರೊಡನೆಯೇ ಅದನ್ನು ಒಡೆಯುವ ಬಗೆಯನ್ನೂ ಹೇಳುವೆವು. ಮೊದಲನೆಯದನ್ನು ಮಾತ್ರ ಕಲಿತವನು ಎರಡನೆಯದನ್ನು ಬಲ್ಲವನ ಕೈಗೆ ಸಿಕ್ಕಿಬೀಳುವನಾದ್ದರಿಂದ ಎರಡನ್ನೂ ಒಟ್ಟಿಗೇ ತಿಳಿಯುವುದು ಕ್ಷೇಮಕರ.

ನಮಗೆ ಪರಿಚಿತವಾದ ಗುಟ್ಟುಗಳು

ಗುಟ್ಟಿನ ಸಂಕೇತ ಬೇಹುಗಾರರಿಗೆ ಮಾತ್ರ ಸೇರಿದ್ದೆಂದು ಭಾವಿಸಬೇಕಾಗಿಲ್ಲ. ನಮ್ಮ ನಾಡಿನ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಎತ್ತಿನ ಬೆಲೆಯನ್ನು ನಿರ್ಣಯಿಸುವುದನ್ನು ಹಳ್ಳಿಯಿಂದ ಬಂದವರೆಲ್ಲ ಬಲ್ಲರು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಪುಣೆಯ ಮರಾಠಿ ಮಕ್ಕಳು ಪದದ ಮೊದಲ ಅಕ್ಷರವನ್ನು ಕೊನೆಗೆ ತಳ್ಳಿ, ಅದರ ಜಾಗದಲ್ಲಿ ‘ಚ’ಕಾರವನ್ನಿಟ್ಟು ಆಡುವ ಮಾತನ್ನು ಬೀದಿಯಲ್ಲಿ ಕೇಳಬಹುದು. ನಮ್ಮ ಮಕ್ಕಳೂ ಅಕ್ಷರಕ್ಕೊಂದು ‘ಕ’ಕಾರವನ್ನು ಸೇರಿಸಿ ಆಡುವುದುಂಟು. ಹಿರಿಯರು ಕರಪಲ್ಲವಿ ಎಂದು ಕರೆಯುತ್ತಿದ್ದ ವಿದ್ಯೆಯೂ ಇದೇ ಜಾತಿಯದು: ಕೈಯ ಒಂದು ಸನ್ನೆಯಿಂದ ಕವರ್ಗವೋ ಚವರ್ಗವೋ ಎಂಬುದನ್ನು ತೋರಿಸಿ, ಬೆರಳುಗಳ ಎಣಿಕೆಯಿಂದ ಆ ವರ್ಗದ ಎಷ್ಟನೆಯ ಅಕ್ಷರವೆಂದು ತಿಳಿಸುವುದು. ಕವರ್ಗದ ಸನ್ನೆಗೆ ಮೂರು ಬೆರಳು ಕೂಡಿದರೆ ‘ಗ’ ಎಂದಾಯಿತು.

ವ್ಯಾಪಾರಿಗಳಲ್ಲಿ ಇನ್ನೊಂದು ಪದ್ಧತಿಯಿದೆ. ಸರಕಿನ ಮೇಲೆ ಕೊಂಡ ಬೆಲೆಯನ್ನು ಅಂಕಿಯಲ್ಲಿ ಬರೆಯದೆ ಅಕ್ಷರಗಳಲ್ಲಿ ಬರೆದಿಡುವರು. ಗಿರಾಕಿಗೆ ಅದು ಬರಿಯ ಗುರುತು. ಅಂಗಡಿಯವನಿಗೆ ಚೌಕಾಸಿಯಲ್ಲಿ ಎಲ್ಲಿಯವರೆಗೆ ಇಳಿಯಬಹುದೆಂಬ ಲೆಕ್ಕ. ಇದಕ್ಕೆ ಬೇಕಾದುದು ಹತ್ತು ಬೇರೆ ಬೇರೆ ವ್ಯಂಜನಗಳುಳ್ಳ ಒಂದು ಮಾತು. ಉದಾಹರಣೆಗೆ, ‘ಬೆಳಗಿನ ಹೊತ್ತು ಕಾಫಿ ಸವಿ’ ಎಂಬುದನ್ನು ತೆಗೆದುಕೊಳ್ಳೋಣ. ಬ ಎಂದರೆ 1, ಳ 2, ಗ 3, ನ 4, ಹ 5, ತ 6, ಕ 7, ಫ 8, ಸ 9, ವ ಸೊನ್ನೆ. 45 ರೂಪಾಯಿಯ ಸರಕಿನ ಮೇಲೆ ‘ನಹ’, 120 ರೂಪಾಯಿಯದರ ಮೇಲೆ ‘ಬಳವ’ ಎಂದು ಬರೆದರೆ ಮುಗಿಯಿತು.

ಅಂಕಿಗೆ ಅಕ್ಷರವನ್ನು ಕೊಡುವ ಈ ವಿದ್ಯೆ ದಕ್ಷಿಣ ದೇಶದಲ್ಲಿ ‘ಕಟಪಯಾದಿ’ ಎಂಬ ಹೆಸರಿನಿಂದ ಶಾಸ್ತ್ರವಾಗಿಯೇ ಬೆಳೆದಿದೆ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಆ ರಾಗದ ಸಂಖ್ಯೆ ಅಡಗಿದೆ. ಮೇಚಕಲ್ಯಾಣಿಯಲ್ಲಿ ಮ ಎಂದರೆ 5, ಚ ಎಂದರೆ 6. ತಿರುಗಿಸಿ ಓದಿದರೆ 65, ಅದೇ ಅದರ ಮೇಳಸಂಖ್ಯೆ. ಇಲ್ಲಿ ಉದ್ದೇಶ ಮರೆಮಾಡುವುದಲ್ಲ, ನೆನಪಿಡುವುದು. ಆದರೂ ಯುಕ್ತಿ ಒಂದೇ: ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು.

ಶಾಸ್ತ್ರದಲ್ಲಿ ಗುಟ್ಟಿನ ಬರಹ

ವಾತ್ಸ್ಯಾಯನನು ತನ್ನ ಕಾಮಸೂತ್ರದಲ್ಲಿ 64 ಕಲೆಗಳನ್ನು ಎಣಿಸುವಾಗ ‘ಮ್ಲೇಚ್ಛಿತ ವಿಕಲ್ಪ’ ಎಂಬುದೊಂದನ್ನು ಹೇಳಿದ್ದಾನೆ. ಸಾಧುವಾದ ಶಬ್ದವನ್ನೇ ಅಕ್ಷರ ಬದಲಿಸಿ ಪರರಿಗೆ ಅರ್ಥವಾಗದಂತೆ ಮಾಡುವುದೇ ಈ ಕಲೆ. ಜಯಮಂಗಲಾ ಎಂಬ ಟೀಕೆಯನ್ನು ಬರೆದ ಯಶೋಧರನು ಇದರಲ್ಲಿ ಕೌಟಿಲೀಯ, ಮೂಲದೇವೀಯ ಎಂಬ ಎರಡು ಬಗೆಗಳನ್ನು ವಿವರಿಸಿದ್ದಾನೆ. ಮೂಲದೇವೀಯದಲ್ಲಿ ಅಕ್ಷರಗಳನ್ನು ಜೋಡಿ ಮಾಡಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬೇಕು: ಖಕಾರಕ್ಕೆ ಗಕಾರ, ಚಕಾರಕ್ಕೆ ಟಕಾರ, ತಕಾರಕ್ಕೆ ಪಕಾರ, ನಕಾರಕ್ಕೆ ಮಕಾರ, ಹೀಗೆ. ಈ ಕ್ರಮದ ಸೊಗಸೆಂದರೆ, ಬರೆಯುವುದಕ್ಕೂ ಓದುವುದಕ್ಕೂ ಒಂದೇ ಪಟ್ಟಿ ಸಾಕು. ಒಮ್ಮೆ ಬದಲಿಸಿದರೆ ಗೂಢವಾಗುತ್ತದೆ, ಇನ್ನೊಮ್ಮೆ ಬದಲಿಸಿದರೆ ಮೊದಲಿನ ಮಾತೇ ಮರಳುತ್ತದೆ.

ರೋಮಿನ ಜೂಲಿಯಸ್ ಸೀಸರನೂ ಇಂತಹುದೇ ಉಪಾಯವನ್ನು ಬಳಸುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದ ಸುಯೆಟೋನಿಯಸನು ಹೇಳುತ್ತಾನೆ. ಅವನದು ಇನ್ನೂ ಸರಳ: ಬರೆಯಬೇಕಾದ ಅಕ್ಷರದಿಂದ ಮೂರು ಸ್ಥಾನ ಮುಂದಿರುವ ಅಕ್ಷರವನ್ನು ಬರೆಯುವುದು.

ಕನ್ನಡದಲ್ಲಿ ಮಾಡುವ ಕ್ರಮ

ಮೂಲದೇವನ ದಾರಿಯನ್ನೇ ಹಿಡಿದು ಕನ್ನಡಕ್ಕೆ ಒಪ್ಪುವ ಒಂದು ಕೀಲಿಯನ್ನು ಕೆಳಗೆ ಕೊಟ್ಟಿದ್ದೇವೆ. ದಿನಬಳಕೆಯ 20 ವ್ಯಂಜನಗಳನ್ನು ಎರಡು ಸಾಲಿನಲ್ಲಿ ಬರೆಯಬೇಕು:

ಕ  ಗ  ಚ  ಜ  ಟ  ಡ  ಣ  ತ  ದ  ಹ
ನ  ಪ  ಬ  ಮ  ಯ  ರ  ಲ  ವ  ಸ  ಳ

ಮೇಲಿನ ಅಕ್ಷರ ಬಂದರೆ ಅದರ ಕೆಳಗಿನದನ್ನೂ, ಕೆಳಗಿನದು ಬಂದರೆ ಮೇಲಿನದನ್ನೂ ಬರೆಯುವುದು. ಸ್ವರಗಳನ್ನೂ, ಸೊನ್ನೆಯನ್ನೂ, ಪಟ್ಟಿಯಲ್ಲಿಲ್ಲದ ಅಕ್ಷರಗಳನ್ನೂ ಇದ್ದಂತೆಯೇ ಬಿಡುವುದು. ಕಾಗುಣಿತ ಬದಲಾಗಕೂಡದು, ಒತ್ತಕ್ಷರವನ್ನು ಮಾತ್ರ ಪಟ್ಟಿಯಂತೆಯೇ ಬದಲಿಸಬೇಕು. ‘ಕಾ’ ಎಂಬುದು ‘ನಾ’ ಆಗುವುದು. ‘ತ್ತೇ’ ಎಂಬುದು ‘ವ್ವೇ’ ಆಗುವುದು.

ಈಗ ‘ಹಣ ತಲುಪಿತು’ ಎಂದು ಬರೆಯಬೇಕಾದರೆ ‘ಳಲ ವಣುಗಿವು’ ಎಂದಾಗುತ್ತದೆ. ‘ನಾಳೆ ಊರಿಗೆ ಬರುತ್ತೇನೆ’ ಎಂಬುದು ‘ಕಾಹೆ ಊಡಿಪೆ ಚಡುವ್ವೇಕೆ’ ಎಂದಾಗುತ್ತದೆ. ಬಾಯಿ ಬಿಟ್ಟು ಓದಿದರೆ ಯಾವುದೋ ದೂರದೇಶದ ಭಾಷೆಯಂತೆ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತವನು ಒಮ್ಮೆ ನೋಡಿ, ತಲೆ ಕೆರೆದುಕೊಂಡು, ತನ್ನ ಕೆಲಸಕ್ಕೆ ಹೋಗುವನು. ಊರಿನಲ್ಲಿರುವ ತಮ್ಮನ ಬಳಿ ಇದೇ ಪಟ್ಟಿಯ ಇನ್ನೊಂದು ಪ್ರತಿ ಇದ್ದರೆ ಎರಡು ನಿಮಿಷದಲ್ಲಿ ಓದಿಕೊಳ್ಳುವನು.

ಈ ಪಟ್ಟಿಯೇ ಆಗಬೇಕೆಂದಿಲ್ಲ. ಅದೇ 20 ಅಕ್ಷರಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿ ಮಾಡಿದರೆ ಎಷ್ಟು ಕೀಲಿಗಳಾಗಬಹುದೆಂದು ಲೆಕ್ಕ ಹಾಕಿದರೆ 65,47,29,075 ಎಂಬ ಸಂಖ್ಯೆ ಬರುತ್ತದೆ. ಅರುವತ್ತೈದು ಕೋಟಿಗೂ ಮಿಗಿಲು! ಒಂದೊಂದು ಕೀಲಿಯನ್ನು ಪರೀಕ್ಷಿಸಲು ಒಂದೊಂದೇ ಕ್ಷಣ ಸಾಕೆಂದು ಇಟ್ಟುಕೊಂಡರೂ, ಒಬ್ಬ ಮನುಷ್ಯ ಹಗಲಿರುಳು ಕುಳಿತು ಪರೀಕ್ಷಿಸಿದರೆ 20 ವರ್ಷ ಬೇಕು. ಹೀಗಿರುವಾಗ ನಮ್ಮ ಗುಟ್ಟು ಭದ್ರವೆಂದು ಯಾರಿಗಾದರೂ ಅನಿಸದಿರದು. ವಾಚಕರು ಇಲ್ಲಿಯೇ ಎಚ್ಚರದಿಂದಿರಬೇಕು.

ಒಂದು ಕಾಫಿ ಕುಡಿಯುವಷ್ಟರಲ್ಲಿ

ಹೋಟೆಲಿನ ಒಬ್ಬ ಹುಡುಗನು ತಂಗಿಗೆ ಕಳಿಸಲು ಬರೆದ ಚೀಟಿಯೊಂದು ಧಣಿಯ ಕೈಗೆ ಸಿಕ್ಕಿತೆಂದು ಕಲ್ಪಿಸಿಕೊಳ್ಳೋಣ. ಅದರಲ್ಲಿ ಹೀಗಿದೆ:

ಅಲ್ಲಕಿಪೆ ಳೇಹಚೇರ. ಈ ವಿಂಪಹಣ್ಣಿ ಕಾಕು ನೆಣದ ಚಿರುವ್ವೇಕೆ. ಚೇಡೆ ಳೋಯೆಣಿಕಣ್ಣಿ ನೆಣದ ದಿನ್ನಿಸೆ.

ಧಣಿಗೆ ಕೀಲಿ ತಿಳಿಯದು. ಆದರೆ ಅವನು ಕನ್ನಡ ಬಲ್ಲವನು, ಗಲ್ಲಾದ ಮೇಲೆ ಕುಳಿತವನಾದ್ದರಿಂದ ಹೊತ್ತೂ ಇದೆ. ಅವನು ಮೊದಲು ಗಮನಿಸುವುದು ಪದಗಳ ಕೊನೆಯನ್ನು. ಎರಡು ಪದಗಳು ‘ಣ್ಣಿ’ ಎಂದು ಕೊನೆಗೊಂಡಿವೆ. ಕನ್ನಡದಲ್ಲಿ ಒತ್ತಕ್ಷರವೂ ಇಕಾರವೂ ಕೂಡಿ ಪದದ ಕೊನೆಯಲ್ಲಿ ಮತ್ತೆ ಮತ್ತೆ ಬರುವುದು ಯಾವುದು? ‘ಲ್ಲಿ’ ಎಂಬುದೇ. ಹಾಗಾದರೆ ಣಕಾರವೆಂದರೆ ಲಕಾರ. ಜೋಡಿಯ ನಿಯಮದಂತೆ ಲಕಾರವೆಂದರೆ ಣಕಾರ.

ಒಂದು ಎಳೆ ಸಿಕ್ಕಿತು. ಈಗ ಮೊದಲನೆಯ ಪದವನ್ನು ನೋಡುವನು. ‘ಅಲ್ಲಕಿಪೆ’ ಎಂಬುದರ ಆರಂಭ ‘ಅಣ್ಣ’ ಎಂದಾಯಿತು. ಅಣ್ಣ ಎಂಬುದರ ಮುಂದೆ ಒಂದು ಇಕಾರ, ಒಂದು ಎಕಾರ ಬರುವುದಾದರೆ ಅದು ‘ಅಣ್ಣನಿಗೆ’ ಅಲ್ಲದೆ ಮತ್ತೇನು? ಆದುದರಿಂದ ಕಕಾರ ನಕಾರವಾಯಿತು, ಪಕಾರ ಗಕಾರವಾಯಿತು. ‘ಕಾಕು’ ಎಂಬುದು ‘ನಾನು’ ಎಂದು ತಾನಾಗಿಯೇ ಬಾಯಿಬಿಟ್ಟಿತು. ‘ನೆಣದ’ ಎಂಬ ಪದ ಎರಡು ಬಾರಿ ಬಂದಿದೆ. ಅದರಲ್ಲಿ ‘ಕೆಲ’ ಎಂಬಷ್ಟು ತಿಳಿದಿದೆ. ಹೋಟೆಲಿನ ಹುಡುಗ ಎರಡು ಸಲ ಬರೆಯುವ ‘ಕೆಲ’ ಎಂಬ ಪದ ‘ಕೆಲಸ’ವೇ ಇರಬೇಕು. ಇದರಿಂದ ದಕಾರ ಸಕಾರಗಳು ಜೋಡಿಯೆಂದಾಯಿತು, ‘ದಿನ್ನಿಸೆ’ ಎಂಬುದು ‘ಸಿಕ್ಕಿದೆ’ ಎಂದಾಯಿತು. ‘ವ್ವೇಕೆ’ ಎಂಬ ಕೊನೆಯಲ್ಲಿ ‘ನೆ’ ತಿಳಿದಿದೆ. ಅದು ‘ತ್ತೇನೆ’ ಎಂದು ಮಗುವೂ ಹೇಳೀತು. ‘ಳೋಯೆಣಿಕಣ್ಣಿ’ ಎಂಬುದರಲ್ಲಿ ‘ಲಿನಲ್ಲಿ’ ಎಂಬಷ್ಟು ಸ್ಪಷ್ಟ. ಹಿಂದಿನ ಎರಡು ಅಕ್ಷರಗಳಲ್ಲಿ ಓಕಾರ, ಎಕಾರಗಳಿವೆ. ‘ಹೋಟೆಲಿನಲ್ಲಿ’ ಎಂದು ಹೋಟೆಲಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಕಾರ ಳಕಾರಗಳು ತಿಳಿದ ಮೇಲೆ ‘ಳೇಹಚೇರ’ ಎಂಬುದು ‘ಹೇಳಬೇಡ’ ಎಂದಾಯಿತು.

ಕಾಫಿಯ ಲೋಟ ಬರಿದಾಗುವ ಮೊದಲೇ ಚೀಟಿ ಪೂರ್ತಿಯಾಗಿ ಕಣ್ಣೆದುರಿಗಿದೆ: ‘ಅಣ್ಣನಿಗೆ ಹೇಳಬೇಡ. ಈ ತಿಂಗಳಲ್ಲಿ ನಾನು ಕೆಲಸ ಬಿಡುತ್ತೇನೆ. ಬೇರೆ ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ.’ ತಿಂಗಳು ಮುಗಿಯುವುದರೊಳಗೆ ಹುಡುಗನ ಲೆಕ್ಕ ಚುಕ್ತಾ ಆದರೆ ಆಶ್ಚರ್ಯವಿಲ್ಲ. ಅರುವತ್ತೈದು ಕೋಟಿ ಕೀಲಿಗಳಲ್ಲಿ ಒಂದನ್ನೂ ಧಣಿ ಪರೀಕ್ಷಿಸಲಿಲ್ಲ. ಅವನು ಬೀಗವನ್ನು ಮುಟ್ಟದೆ ಗೋಡೆಯ ಮೂಲಕ ಬಂದನು. ನಾವು ಬದಲಿಸಿದುದು ಅಕ್ಷರದ ಮುಖವನ್ನು ಮಾತ್ರ, ಭಾಷೆಯ ನಡಿಗೆಯನ್ನಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡ ವೇಷಧಾರಿಯನ್ನು ಪರಿಚಿತರು ನಡಿಗೆಯಿಂದಲೇ ಗುರುತಿಸುವುದಿಲ್ಲವೇ?

ಈ ರಹಸ್ಯವನ್ನು 9ನೆಯ ಶತಮಾನದಲ್ಲಿಯೇ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ಎಂಬವನು ಬರೆದಿಟ್ಟನು. ಪ್ರತಿಯೊಂದು ಭಾಷೆಯಲ್ಲಿಯೂ ಕೆಲವು ಅಕ್ಷರಗಳು ಹೆಚ್ಚು ಸಲ, ಕೆಲವು ಕಡಮೆ ಸಲ ಬರುತ್ತವೆ. ಗೂಢಲಿಪಿಯಲ್ಲಿ ಯಾವ ಗುರುತು ಎಷ್ಟು ಸಲ ಬಂದಿದೆಯೆಂದು ಎಣಿಸಿ, ಭಾಷೆಯ ಸಾಮಾನ್ಯ ಎಣಿಕೆಯೊಡನೆ ಹೋಲಿಸಿದರೆ ಕೀಲಿ ತಾನಾಗಿ ಹೊರಬೀಳುತ್ತದೆಂಬುದು ಅವನ ಸಿದ್ಧಾಂತ. ಬರಹ ಉದ್ದವಾದಷ್ಟೂ ಒಡೆಯುವವನಿಗೆ ಅನುಕೂಲ. ಪದಗಳ ನಡುವಿನ ಜಾಗವನ್ನು ತೆಗೆದುಹಾಕಬಹುದು, ಸ್ವರಗಳನ್ನೂ ಬದಲಿಸಬಹುದು, ಅರ್ಥವಿಲ್ಲದ ಅಕ್ಷರಗಳನ್ನು ನಡುನಡುವೆ ತುರುಕಬಹುದು. ಇವೆಲ್ಲ ಒಡೆಯುವವನ ಕಾಫಿಯನ್ನು ಎರಡು ಲೋಟವನ್ನಾಗಿ ಮಾಡುವುವೇ ಹೊರತು ಅವನನ್ನು ತಡೆಯಲಾರವು.

ತಲೆಯನ್ನೇ ತೆತ್ತ ರಾಣಿ

ಒಂದು ಹೋಟೆಲಿನ ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ದುರ್ಬಲವಾದ ಗೂಢಲಿಪಿಯನ್ನು ನಂಬಿ ಪ್ರಾಣವನ್ನೇ ಕಳೆದುಕೊಂಡವರೂ ಇದ್ದಾರೆ. ಸ್ಕಾಟ್ಲೆಂಡಿನ ರಾಣಿ ಮೇರಿ ಇಂಗ್ಲೆಂಡಿನಲ್ಲಿ ಬಂದಿಯಾಗಿದ್ದಾಗ, 1586ರಲ್ಲಿ, ಆಂಥೋನಿ ಬ್ಯಾಬಿಂಗ್ಟನ್ ಎಂಬ ತರುಣನೊಡನೆ ಗೂಢಲಿಪಿಯಲ್ಲಿ ಪತ್ರವ್ಯವಹಾರ ನಡೆಸಿದಳು. ಕಾಗದಗಳು ಬಿಯರಿನ ಪೀಪಾಯಿಯಲ್ಲಿ ಅಡಗಿ ಒಳಹೊರಗೆ ಸಾಗುತ್ತಿದ್ದುವು. ಅಕ್ಷರಕ್ಕೊಂದು ಚಿಹ್ನೆ, ಕೆಲವು ಪದಗಳಿಗೆ ಬೇರೆ ಚಿಹ್ನೆ, ಇಷ್ಟೇ ಅವಳ ಕೀಲಿ. ಎಲಿಜಬೆತ್ ರಾಣಿಯ ಮಂತ್ರಿ ವಾಲ್ಸಿಂಗ್ಹಮನ ಬಳಿ ಥಾಮಸ್ ಫೆಲಿಪ್ಸ್ ಎಂಬ ನಿಪುಣನಿದ್ದನು. ಪ್ರತಿಯೊಂದು ಕಾಗದವೂ ದಾರಿಯಲ್ಲಿಯೇ ಅವನ ಕೈಸೇರಿ, ಒಡೆದು ಓದಲ್ಪಟ್ಟು, ಮತ್ತೆ ಮುದ್ರೆಯೊತ್ತಿಸಿಕೊಂಡು ಮುಂದೆ ಹೋಗುತ್ತಿತ್ತು. ಸಾಲದುದಕ್ಕೆ, ಒಳಸಂಚಿನಲ್ಲಿರುವವರ ಹೆಸರುಗಳನ್ನು ತಿಳಿಸೆಂದು ರಾಣಿಯೇ ಕೇಳಿದಂತೆ ಅವನು ಅದೇ ಗೂಢಲಿಪಿಯಲ್ಲಿ ಒಂದು ಸಾಲನ್ನು ತಾನೇ ಸೇರಿಸಿದನು. 1587ರ ಫೆಬ್ರವರಿ 8ರಂದು ಮೇರಿಯ ಶಿರಚ್ಛೇದವಾಯಿತು.

ಗಮನಿಸಬೇಕಾದ ಸಂಗತಿಯೊಂದಿದೆ. ತನ್ನ ಬರಹವನ್ನು ಯಾರೂ ಓದಲಾರರೆಂಬ ನಂಬಿಕೆಯಿಂದಲೇ ಮೇರಿ ಬಾಯಿಬಿಟ್ಟು ಬರೆದಳು. ಗೂಢಲಿಪಿಯೇ ಇಲ್ಲದಿದ್ದರೆ ಅಷ್ಟನ್ನು ಬರೆಯಲು ಹೆದರುತ್ತಿದ್ದಳು. ಬೀಗವಿಲ್ಲದ ಬಾಗಿಲಿನ ಮುಂದೆ ಮನುಷ್ಯ ಎಚ್ಚರದಿಂದಿರುವನು. ಹುಸಿ ಬೀಗವುಳ್ಳ ಬಾಗಿಲಿನ ಹಿಂದೆ ನಿಶ್ಚಿಂತೆಯಿಂದ ನಿದ್ದೆಹೋಗುವನು.

ಕೀಲಿ ಕಳೆದುಹೋದರೆ

ಇದಕ್ಕೆ ವಿರುದ್ಧವಾದ ಆಪತ್ತೂ ಇದೆ. ಅದರ ನಿದರ್ಶನವನ್ನು ಹುಡುಕಲು ನಾವು ಖರಾಡಿಯಿಂದ ಬಹುದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ 13ನೆಯ ಶತಮಾನದಲ್ಲಿ ಚಕ್ರಧರಸ್ವಾಮಿಯಿಂದ ಹುಟ್ಟಿದ ಮಹಾನುಭಾವ ಪಂಥದವರು ತಮ್ಮ ಗ್ರಂಥಗಳನ್ನು ಪರರ ಕಣ್ಣಿನಿಂದ ಕಾಪಾಡಲು ಗೂಢಲಿಪಿಗಳನ್ನು ಕಲ್ಪಿಸಿಕೊಂಡರು. ಅವುಗಳಲ್ಲಿ ‘ಸಕಳ ಲಿಪಿ’ ಎಂಬುದು ಪ್ರಸಿದ್ಧವಾದುದು; ಅದೂ ಅಕ್ಷರಕ್ಕೆ ಅಕ್ಷರವನ್ನು ಬದಲಿಸುವ ಕ್ರಮವೇ. ಮರಾಠಿಯ ಅತಿ ಪ್ರಾಚೀನ ಗದ್ಯಗಳಲ್ಲಿ ಒಂದಾದ, ಮ್ಹಾಯಿಂಭಟನು ಸಂಗ್ರಹಿಸಿದ ‘ಲೀಳಾಚರಿತ್ರ’ವೂ ಈ ಮರೆಯಲ್ಲಿಯೇ ಉಳಿಯಿತು. ಮಠಗಳ ಒಳಗಿನವರು ಓದುತ್ತಿದ್ದರು. ಹೊರಗಿನ ಮರಾಠಿ ಜನರಿಗೆ ತಮ್ಮ ಭಾಷೆಯಲ್ಲಿ ಅಂತಹ ನಿಧಿಯಿದೆಯೆಂಬುದೇ ಶತಮಾನಗಳ ಕಾಲ ತಿಳಿಯಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಇತಿಹಾಸಾಚಾರ್ಯ ವಿಶ್ವನಾಥ ಕಾಶೀನಾಥ ರಾಜವಾಡೆಯವರು ಆ ಲಿಪಿಯ ಕೀಲಿಯನ್ನು ಬಿಡಿಸಿದ ಮೇಲೆಯೇ ವಿದ್ವಾಂಸರಿಗೆ ದಾರಿ ತೆರೆಯಿತು. ಪುಣೆಯಲ್ಲಿ 1910ರಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಸ್ಥಾಪಿಸಿದವರೂ ಇವರೇ.

ನಮ್ಮ ಕನ್ನಡದಲ್ಲಿಯೂ ಇಂತಹುದೊಂದು ಉಂಟು. ಕುಮುದೇಂದು ಮುನಿಯ ‘ಸಿರಿಭೂವಲಯ’ವೆಂಬ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ, ಇರುವುದೆಲ್ಲ ಅಂಕಿಗಳು. ಅಡ್ಡ 27, ಉದ್ದ 27, ಹೀಗೆ 729 ಮನೆಗಳುಳ್ಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಸಂಖ್ಯೆಗಳನ್ನು ತುಂಬಿದೆ. ಒಂದೊಂದು ಸಂಖ್ಯೆಗೂ ಒಂದೊಂದು ಧ್ವನಿ: ಸ್ವರಗಳು 27, ವರ್ಗದ ವ್ಯಂಜನಗಳು 25, ಅವರ್ಗೀಯಗಳು 8, ಯೋಗವಾಹಗಳು 4, ಒಟ್ಟು 64. ಇಷ್ಟು ತಿಳಿದರೂ ಸಾಲದು. ಮನೆಯಿಂದ ಮನೆಗೆ ಯಾವ ದಾರಿಯಲ್ಲಿ ಸಾಗಬೇಕೆಂಬ ‘ಬಂಧ’ವೂ ತಿಳಿದಿರಬೇಕು. ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಬಳಿಯಿದ್ದ ಪ್ರತಿಯನ್ನು ಆಧರಿಸಿ, ಕರ್ಲಮಂಗಲಂ ಶ್ರೀಕಂಠಯ್ಯನವರ ಪರಿಶ್ರಮದಿಂದ ಇದರ ಒಂದು ಭಾಗ 1953ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಗ್ರಂಥದ ಕಾಲದ ಬಗೆಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆ ಚರ್ಚೆ ಪಂಡಿತರಿಗೆ ಬಿಟ್ಟುದು. ನಮಗೆ ಇಲ್ಲಿ ಮುಖ್ಯವಾದುದು ಇಷ್ಟೇ: ಕೀಲಿಯನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದರೆ ಬರಹ ಶತ್ರುವಿನಿಂದ ಮಾತ್ರವಲ್ಲ, ಮೊಮ್ಮಕ್ಕಳಿಂದಲೂ ಮರೆಯಾಗುತ್ತದೆ.

ಈ ಮಾತು ಗ್ರಂಥಗಳಿಗಷ್ಟೇ ಅನ್ವಯಿಸತಕ್ಕುದಲ್ಲ. ಯಾರಿಗೆ ಎಷ್ಟು ಸಾಲ ಕೊಟ್ಟಿದೆ, ಯಾವ ಬ್ಯಾಂಕಿನಲ್ಲಿ ಠೇವಣಿಯಿದೆ ಎಂಬುದನ್ನು ಮನೆಯ ಯಜಮಾನನು ತನಗೊಬ್ಬನಿಗೇ ತಿಳಿಯುವ ಗುರುತುಗಳಲ್ಲಿ ಡೈರಿಯಲ್ಲಿ ಬರೆದಿಟ್ಟನೆನ್ನಿ. ಅವನು ಹಠಾತ್ತಾಗಿ ತೀರಿಕೊಂಡರೆ ಹೆಂಡತಿ ಮಕ್ಕಳ ಪಾಲಿಗೆ ಆ ಡೈರಿ ಬರಿಯ ಕಾಗದ. ಆದುದರಿಂದ ಕೀಲಿ ಒಬ್ಬನ ತಲೆಯಲ್ಲಿ ಮಾತ್ರ ಇರಬಾರದು. ನಂಬಿಕೆಯ ಇನ್ನೊಬ್ಬರಿಗೂ ತಿಳಿದಿರಬೇಕು.

ಇಂದಿನ ಬೀಗಗಳು

ಹಾಗಾದರೆ ಒಡೆಯಲಾಗದ ಗೂಢಲಿಪಿ ಇಲ್ಲವೇ? ಇದೆ. ಸಂದೇಶದಷ್ಟೇ ಉದ್ದವಾದ, ಯಾವ ಕ್ರಮವೂ ಇಲ್ಲದೆ ಆರಿಸಿದ, ಒಂದೇ ಒಂದು ಸಲ ಬಳಸಿ ಎಸೆಯುವ ಕೀಲಿಯಿಂದ ಬರೆದುದನ್ನು ಎಷ್ಟು ಬುದ್ಧಿವಂತನೂ ಒಡೆಯಲಾರನೆಂದು ಅಮೆರಿಕದ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗಣಿತದಿಂದ ತೋರಿಸಿದನು. ಆದರೆ ಅಷ್ಟುದ್ದದ ಕೀಲಿಯನ್ನು ಇನ್ನೊಬ್ಬನಿಗೆ ಮೊದಲೇ ಗುಟ್ಟಾಗಿ ತಲುಪಿಸುವುದು ಹೇಗೆಂಬುದೇ ತೊಡಕು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ಕಂಡುಹಿಡಿದ ಕ್ರಮ ಕೀಲಿಯನ್ನು ತಲುಪಿಸುವ ಈ ತೊಡಕಿಗೆ ಒಂದು ಪರಿಹಾರವನ್ನು ಒದಗಿಸಿತು. ಅದನ್ನು ಅಂಚೆಪೆಟ್ಟಿಗೆಗೆ ಹೋಲಿಸಬಹುದು: ಕಾಗದವನ್ನು ಒಳಗೆ ಹಾಕಲು ಯಾರಿಗೂ ಅಡ್ಡಿಯಿಲ್ಲ, ತೆಗೆಯುವ ಕೀಲಿ ಒಬ್ಬನ ಬಳಿ ಮಾತ್ರ. ಖರಾಡಿಯ ಗಾಜಿನ ಕಟ್ಟಡಗಳಲ್ಲಿ ನಮ್ಮ ಗುಮಾಸ್ತ ಬಂಧುಗಳು ದಿನವೂ ಮುಟ್ಟುವ ಕಂಪ್ಯೂಟರುಗಳೊಳಗೆ ಇಂತಹ ಬೀಗಗಳೇ ಬ್ಯಾಂಕುಗಳ ಹಣವನ್ನು ಕಾಯುತ್ತಿವೆ. 2016ರ ಏಪ್ರಿಲಿನಿಂದ ವಾಟ್ಸಾಪಿನ ಸಂದೇಶಗಳೂ ಕಳಿಸುವವನ ಫೋನಿನಿಂದ ಪಡೆಯುವವನ ಫೋನಿನವರೆಗೆ ಗೂಢರೂಪದಲ್ಲಿಯೇ ಸಾಗುತ್ತಿವೆ. ದಾರಿಯಲ್ಲಿ ಕದ್ದವನಿಗೆ ಅದರಲ್ಲಿ ಅಲ್ ಕಿಂದಿಯ ಎಣಿಕೆಯಿಂದ ಏನೂ ದೊರೆಯದು.

ಆದರೆ ದಾರಿ ಭದ್ರವಾದರೆ ಮನೆ ಭದ್ರವಾಯಿತೇ? ಗೋಡೆಯ ಬಳಿ ಬೀಗವಿಲ್ಲದೆ ಬಿದ್ದಿರುವ ಫೋನಿಗೆ ಯಾವ ಗಣಿತವೂ ರಕ್ಷಣೆ ಕೊಡಲಾರದು. ಇಲ್ಲಿ ನಮ್ಮ ಹೋಟೆಲು ಬಂಧುಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎ.ಟಿ.ಎಂ. ಕಾರ್ಡಿನ ಪಿನ್ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ‘ಗುಟ್ಟಾಗಿ’ ಬರೆದಿಡುವ ರೂಢಿ ಅನೇಕರಲ್ಲಿದೆ. ಒಬ್ಬನು ತಿರುಗುಮುರುಗಾಗಿ ಬರೆಯುವನು. ಇನ್ನೊಬ್ಬನು ಪ್ರತಿ ಅಂಕಿಗೂ ಒಂದನ್ನು ಕೂಡಿಸಿ ಬರೆಯುವನು. ಮತ್ತೊಬ್ಬನು ಫೋನಿನಲ್ಲಿ ಯಾವನೋ ಇಲ್ಲದ ಮಾಮನ ಹೆಸರಿನಲ್ಲಿ ನಂಬರಾಗಿ ಬರೆದಿಡುವನು. ಇವೆಲ್ಲ ಮೇಲೆ ಹೇಳಿದ ಅಕ್ಷರ ಬದಲಾವಣೆಯ ತಮ್ಮಂದಿರೇ.

ಪಿನ್ 4726 ಎಂದಿಟ್ಟುಕೊಳ್ಳೋಣ. ಒಂದೊಂದನ್ನು ಕೂಡಿಸಿ 5837 ಎಂದು ಬರೆದಿದೆ. ಕಾರ್ಡನ್ನೂ ಪಾಸ್‌ಬುಕ್ಕನ್ನೂ ಒಟ್ಟಿಗೆ ಕದ್ದವನು ಮೊದಲು 5837 ಒತ್ತುವನು, ಆಗಲಿಲ್ಲ. ತಿರುಗಿಸಿ 7385 ಒತ್ತುವನು, ಆಗಲಿಲ್ಲ. ಒಂದೊಂದನ್ನು ಕಳೆದು 4726 ಒತ್ತುವನು. ಹಣ ಹೊರಗೆ ಬಂತು. ನಾಲ್ಕಂಕಿಯ ಪಿನ್ನುಗಳು 10,000 ಇದ್ದರೂ, ಸಾಮಾನ್ಯವಾಗಿ ಮೂರು ಸಲ ತಪ್ಪಾದರೆ ಬ್ಯಾಂಕು ಕಾರ್ಡನ್ನು ತಡೆಹಿಡಿಯುವುದಾದರೂ, ಈ ಗುಟ್ಟಿಗೆ ಆ ಮೂರು ಸಲವೇ ಸಾಕಾಯಿತು. ಕಳ್ಳನೂ ನಮ್ಮಂತೆಯೇ ಯೋಚಿಸುವನೆಂಬುದನ್ನು ಮರೆಯಬಾರದು. ಅನೇಕ ವೇಳೆ ಅವನು ನಮ್ಮದೇ ಕೋಣೆಯಲ್ಲಿ ಮಲಗುವವನೂ ಆಗಿರಬಹುದು. ವರ್ಷವಿಡೀ ಬಿಸಿ ಒಲೆಯ ಮುಂದೆ ಬೆವರು ಸುರಿಸಿ ಕೂಡಿಟ್ಟ ಹಣ ಒಂದು ನಿಮಿಷದಲ್ಲಿ ಹೋಗುವ ದಾರಿ ಇದು.

ಆದುದರಿಂದ ಪಿನ್ನನ್ನು ಬರೆಯಲೇಬಾರದು, ಗೂಢವಾಗಿಯೂ ಬರೆಯಬಾರದು. ಅದು ತಲೆಯಲ್ಲಿಯೇ ಇರತಕ್ಕುದು. ಫೋನಿಗೆ ಬರುವ ಓ.ಟಿ.ಪಿ.ಯನ್ನು ಬ್ಯಾಂಕಿನ ಹೆಸರು ಹೇಳಿ ಕೇಳಿದವರಿಗೂ ಕೊಡಬಾರದು. ಮೋಸ ಹೋದುದು ತಿಳಿದ ತಕ್ಷಣ 1930 ಎಂಬ ಸರಕಾರದ ಸಹಾಯವಾಣಿಗೆ ಕರೆ ಮಾಡಬೇಕು; ತಡಮಾಡಿದಷ್ಟೂ ಹಣ ಕೈಗೆ ಮರಳುವ ಸಂಭವ ಕಡಮೆಯಾಗುತ್ತದೆ.

ಕೊನೆಯದಾಗಿ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮೂಲದೇವನ ವಿದ್ಯೆ ನಿಷ್ಪ್ರಯೋಜಕವೆಂದು ನಾವು ಹೇಳುತ್ತಿಲ್ಲ. ಪಂಚೆ ಮಾನವನ್ನು ಮುಚ್ಚುತ್ತದೆ. ಕತ್ತಿಯ ಏಟನ್ನು ತಡೆಯದು. ಆ ಕಾರಣಕ್ಕೆ ಯಾರೂ ಪಂಚೆಯನ್ನು ಬಿಡುವುದಿಲ್ಲ. ಹಾದುಹೋಗುವವನ ಕುತೂಹಲದ ಕಣ್ಣಿನಿಂದ ಮನೆಯ ಮಾತನ್ನು ಮರೆಮಾಡಲು ಈ ಬರಹ ಧಾರಾಳವಾಗಿ ಸಾಕು. ಕುಳಿತು ಒಡೆಯಬೇಕೆಂದು ಹಟ ತೊಟ್ಟವನ ಮುಂದೆ ಇದು ನಿಲ್ಲದು. ಯಾವುದನ್ನು ಬರೆಯುವ ಮೊದಲೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಯಾರಿಂದ ಮರೆ? ಎಷ್ಟು ಹೊತ್ತಿನ ಮರೆ? ನಾಳೆ ಎಲ್ಲರಿಗೂ ತಿಳಿಯಲಿರುವ ಸಂಗತಿಯನ್ನು ಇಂದೊಂದು ದಿನ ಮುಚ್ಚಿಡಬೇಕಾದರೆ ಮೇಲಿನ ಪಟ್ಟಿ ಸಾಕು. ಜೀವಮಾನದ ಗಳಿಕೆಯನ್ನು ಮುಚ್ಚಿಡಬೇಕಾದರೆ ಸಾಲದು.

ಅಲ್ಲದೆ ಇದರಲ್ಲಿ ವಿನೋದವೂ ಇದೆ, ಭಾಷೆಯ ಅಭ್ಯಾಸವೂ ಇದೆ. ಪರಸ್ಥಳದಲ್ಲಿ ಬೆಳೆಯುತ್ತಿರುವ, ಕನ್ನಡ ಆಡಲು ಬಂದರೂ ಬರೆಯಲು ಹಿಂಜರಿಯುವ ನಮ್ಮ ಮಕ್ಕಳಿಗೆ ಈ ಪಟ್ಟಿಯನ್ನು ಕೊಟ್ಟು ನೋಡಬಹುದು. ಒತ್ತಕ್ಷರ, ಕಾಗುಣಿತಗಳನ್ನು ಬೈದು ಕಲಿಸುವುದಕ್ಕಿಂತ ಗುಟ್ಟಿನ ಚೀಟಿಯೊಂದನ್ನು ಬಿಡಿಸಲು ಹೇಳುವುದು ಹೆಚ್ಚು ಫಲ ಕೊಟ್ಟೀತು.

ವಾಚಕರ ಅಭ್ಯಾಸಕ್ಕಾಗಿ ಇದೇ ಕೀಲಿಯಲ್ಲಿ ಒಂದು ಸಂದೇಶವನ್ನು ಕೆಳಗೆ ಕೊಟ್ಟಿದ್ದೇವೆ. ಬಿಡುವಾದಾಗ ಬಿಡಿಸಿಕೊಳ್ಳತಕ್ಕುದು, ಬಿಡಿಸಿದ ಮೇಲೆ ಅದರಂತೆ ನಡೆಯತಕ್ಕುದು:

ಗಿಕ್ ಟಾಡಿಪೂ ಳೇಹಚೇರಿ.